ನಾಲಗೆಯಡಿ

"ಕೊನೆಯದ್ದು ಎಷ್ಟು ಗಂಟೆಗೆ?"
ಕೇಳಿದರು ಡಾಕ್ಟರ್ ಝುಲೇಖಾ.
ನಿನ್ನೆ ರಾತ್ರಿ, ಅಂದೆ.
ಅವರು ಬರೆದುಕೊಳ್ಳಲಿಲ್ಲ.
ಪೆನ್ನಿಗೆ ಮುಚ್ಚಳ ಹಾಕಿ ಕಿಟಕಿಯ ಕಡೆ ನೋಡಿದರು.
"ಸುಳ್ಳಿಗೆ ಬೈಯುವವಳು ನಾನಲ್ಲ, ವಾಮನ.
ಒಳಗೆ ಹಳೆಯದ್ದು ಕೂತಿರುವಾಗ ಇದನ್ನು ಕೊಟ್ಟರೆ
ಇದೇ ನಿಮ್ಮನ್ನು ಎತ್ತಿ ನೆಲಕ್ಕೆ ಬಡಿಯುತ್ತದೆ."

ಬೆಳಿಗ್ಗೆ ಏಳಕ್ಕೆ, ಅಂದೆ ಆಗ.
ಬೆಂಗ್ರೆಯಿಂದ ಬರುವ ಫೆರಿಯಲ್ಲಿ.
ಎರಡು. ಅಲ್ಲ, ನಾಲ್ಕು.
ಮೂರು ವರ್ಷದಲ್ಲಿ ನನ್ನ ಬಾಯಿಂದ ಬಿದ್ದ
ಮೊದಲ ಸರಿಯಾದ ಲೆಕ್ಕ.
"ಹಾಗಾದರೆ ರಾತ್ರಿಯವರೆಗೆ ಕಾಯುವ."

ಕಾದು ಗೊತ್ತಿಲ್ಲದವನಲ್ಲ ನಾನು.
ಇಪ್ಪತ್ತು ಮಾರು ನೀರಿಗೆ ಬಲೆ ಬಿಟ್ಟು
ನಕ್ಷತ್ರ ಜರುಗುವವರೆಗೆ ಕೂತವನು.
ಆದರೆ ಇಲ್ಲಿ ಕಾಯುವುದು
ಇನ್ನಷ್ಟು ಕೆಡುವುದಕ್ಕೆ.
ಸಾಕಷ್ಟು ಕೆಟ್ಟರೆ ಮದ್ದು.

ಸಿಸ್ಟರ್ ಫೆಲ್ಸಿಟಾ ಗಂಟೆಗೊಮ್ಮೆ ಹಾಳೆ ಹಿಡಿದು ಬಂದರು.
ಆಕಳಿಕೆಗೆ ಅಂಕ. ಸೋರುವ ಮೂಗಿಗೆ ಅಂಕ.
ಟಾರ್ಚ್ ಬಿಟ್ಟು ಕಣ್ಣಪಾಪೆಯ ಅಗಲ ನೋಡಿ ಅಂಕ.
ಏಳನೇ ಕ್ಲಾಸಿಗೆ ಬಿಟ್ಟವನಿಗೆ
ಇಷ್ಟು ಧಾರಾಳವಾಗಿ ಯಾವ ಮಾಸ್ಟ್ರೂ ಕೊಟ್ಟದ್ದಿಲ್ಲ.
ಮೂರು ಗಂಟೆಗೆ ಐದು. ಆರಕ್ಕೆ ಒಂಬತ್ತು.
ಮೈ ಮುಳ್ಳೆದ್ದು ತೊರಕೆಯ ಬೆನ್ನಿನ ಹಾಗಾಯಿತು.
ಮೊಣಕಾಲಿನೊಳಗೆ ಯಾರೋ ಹಗ್ಗ ಎಳೆಯತೊಡಗಿದರು.

ಹಗ್ಗದಿಂದಲೇ ಅಲ್ಲವಾ ಶುರುವಾದದ್ದು.
ವಿಂಚಿನ ರೋಪು ತುಂಡಾಗಿ ಬಲಭುಜ ಜಾರಿದ ದಿನ
ತಾಂಡೇಲ ದಾಮು ಜೇಬಿನಿಂದ ಒಂದು ಪಟ್ಟಿ ಮಾತ್ರೆ ತೆಗೆದ.
"ತಗೊ ಮಾರಾಯ, ಟ್ರಿಪ್ಪು ಮುಗಿಯಲಿ."
ಟ್ರಿಪ್ಪು ಮುಗಿಯಿತು. ಭುಜದ ನೋವೂ ಮುಗಿಯಿತು.
ಪಟ್ಟಿ ಮುಗಿಯಲಿಲ್ಲ.

ಬೆಂಚಿನ ಮೇಲೆ ಜಲಜ,
ತೊಡೆಯ ಮೇಲೆ ಬೀಡಿಯ ಮೊರ ಇಲ್ಲದೆ.
ಬೆರಳುಗಳಿಗೆ ಅದು ತಿಳಿದಿಲ್ಲ,
ಸೀರೆಯ ಅಂಚನ್ನೇ ಎಲೆ ಅಂದುಕೊಂಡು
ಸುತ್ತುತ್ತಿವೆ, ಮಡಚುತ್ತಿವೆ.

ಒಂಬತ್ತೂವರೆಗೆ ಹದಿನಾಲ್ಕು.
ಉಗುರಿನಷ್ಟು ಬಿಳಿ ಮಾತ್ರೆ.
"ನಾಲಗೆಯಡಿ ಇಡಿ. ನುಂಗಬೇಡಿ.
ಹತ್ತು ನಿಮಿಷ ಮಾತಾಡಬೇಡಿ."

ಆಗಲೇ ಬಂತು ನೋಡಿ ಮಾತು,
ಅಳಿವೆ ಬಾಗಿಲಿಗೆ ಜೂನಿನ ಕೆಂಪುನೀರು ನುಗ್ಗಿದ ಹಾಗೆ.
ಕಿವಿಯೋಲೆ ಕಳೆದದ್ದಲ್ಲ ಜಲಜ, ಮಾರಿದ್ದು.
ಬೀಡಿ ಡಿಪೋದಲ್ಲಿ ನಿನ್ನ ಹೆಸರಿಗೆ ಮುಂಗಡ ಬರೆಸಿದ್ದು
ಬಾಡಿಗೆಗಲ್ಲ.
ಮಗಳಿಗೆ ಜ್ವರ ನೆತ್ತಿಗೇರಿದ ರಾತ್ರಿ
ದೋಣಿ ಸಿಗಲಿಲ್ಲ ಅಂದೆನಲ್ಲ,
ದೋಣಿ ಇತ್ತು.
ಎಲ್ಲವೂ ತುಳುವಿನಲ್ಲಿ, ಸಾಲುಗಟ್ಟಿ, ಹಲ್ಲಿನ ಹಿಂದೆ.
ಸಿಸ್ಟರ್ ಗಡಿಯಾರ ನೋಡುತ್ತಿದ್ದರು.
ಜಲಜ ನನ್ನ ಮುಚ್ಚಿದ ಬಾಯಿ ನೋಡುತ್ತಿದ್ದಳು.

ಕರಗಿತು. ಬಾಯಿ ಕಳೆದು ತೋರಿಸಿದೆ.
"ಇನ್ನು ಮಾತಾಡಬಹುದು."
ಗಂಜಿ ಉಂಟಾ, ಅಂದೆ.
ಚೀಲದಿಂದ ಸ್ಟೀಲಿನ ಬುತ್ತಿ ತೆಗೆದಳು.
ತಣ್ಣಗಾಗಿತ್ತು. ಉಪ್ಪಿನಕಾಯಿ ಮರೆತಿದ್ದಳು.

ಇಂದಿಗೆ ಹತ್ತೊಂಬತ್ತು ದಿನ.
ದಕ್ಕೆಯಲ್ಲಿ ಬೋಟುಗಳು ಸೊಂಟಕ್ಕೆ ಸೊಂಟ ಕಟ್ಟಿಕೊಂಡು ನಿಂತಿವೆ,
ಕಡಲಿಗೆ ಅರುವತ್ತೊಂದು ದಿನದ ರಜೆ.
ನನಗೆಷ್ಟು ದಿನ, ಕೇಳಿದೆ.
"ತಿಂಗಳುಗಟ್ಟಲೆ. ವರ್ಷವೂ ಆದೀತು.
ಸಕ್ಕರೆ ಕಾಯಿಲೆಯವರು ಹೀಗೆ ಕೇಳುವುದಿಲ್ಲ ನೋಡಿ."
ದಾಮುವಿನ ನಂಬರು ಇನ್ನೂ ಫೋನಿನಲ್ಲುಂಟು,
ಅಳಿಸಿಲ್ಲ, ಅಂದೆ.
ಡಾಕ್ಟರ್ ಬರೆದುಕೊಂಡರು.

ಓಲೆಯದ್ದು ಹೇಳಿ ಆಯಿತು, ನಡುನೀರಿನಲ್ಲಿ, ಫೆರಿಯ ಸದ್ದಿಗೆ ದನಿ ಏರಿಸಿ.
ಡಿಪೋದ್ದೂ ಆಯಿತು.
ಎರಡು ದಿನ ಅವಳು ಒಲೆಯೊಂದಿಗೆ ಮಾತ್ರ ಮಾತಾಡಿದಳು.
ದೋಣಿಯದ್ದು ಅಲ್ಲೇ ಉಂಟು.
ಉಣ್ಣುವಾಗ ಮಗಳ ಎಡಬದಿಗೇ ಕೂರುತ್ತೇನೆ,
ಬಲಗಿವಿಗೆ ಅವಳಿಗೆ ಕೇಳಿಸುವುದಿಲ್ಲ.
ನಾಳೆ ಎಂಟರ ಫೆರಿ.
ಜಲಜ ಸರಿದು ಜಾಗ ಮಾಡುತ್ತಾಳೆ,
ಕೂತ್ಕೊಳ್ಳಿ ಅನ್ನುವುದಿಲ್ಲ.