ಬಾರ್ಡರ್ ಕೋಳಿ

ಪಶು ಆಸ್ಪತ್ರೆಯ ಗೇಟಿಗೆ ಯಾರೋ ಕಟ್ಟಿ ಹೋಗಿದ್ದರು.
ಹೊಸ ಬೆಲ್ಟು, ಅದರ ಸಂದಿಯಲ್ಲೊಂದು ಚೀಟಿ:
ಮಕ್ಕಳ ಹಿಮ್ಮಡಿ ಕಚ್ಚುತ್ತದೆ. ಹೆಸರು ಆಸ್ಕರ್.
ಡಾಕ್ಟ್ರು ಹಲ್ಲು ನೋಡಿ ಎರಡು ವರ್ಷ ಅಂದರು,
ಬಾರ್ಡರ್ ಕೋಲಿ ಅಂದರು.
ಮನೆಗೆ ತಂದಾಗ ನೀಲಾಂಬಿಕೆ
ಕಪ್ಪು ಕುತ್ತಿಗೆ ಸುತ್ತಿದ ಬಿಳಿ ಪಟ್ಟಿ ನೋಡಿ
ಬಾರ್ಡರೇನೋ ಇದೆ, ಕೋಳಿ ಎಲ್ಲಿ ರೀ ಎಂದಳು.
ಆಸ್ಕರ್ ಎಂದರೆ ಈಗ ಕಿವಿಯೂ ಅಲುಗದು,
ಕೋಳೀ ಎಂದರೆ ಓಡಿ ಬರುತ್ತದೆ.

ಇಪ್ಪತ್ತಾರು ವರ್ಷದ ಕಾಂಪೌಂಡರ್ ನಾನು,
ಕಂಡ ನಾಯಿಗಳೆಲ್ಲ ಬೊಗಳುವ ಜಾತಿ.
ಇದು ನೋಡುವ ಜಾತಿ.
ಊಟದ ಬಿಡುವಲ್ಲಿ ಡಾಕ್ಟ್ರು ಹೇಳಿದರು:
ಎಲ್ಲೋ ಎರಡು ರಾಜ್ಯಗಳು ಗುದ್ದಾಡಿದ ಗಡಿಯ ಗುಡ್ಡಗಳು,
ಅಲ್ಲಿ ಮರಕ್ಕಿಂತ ಕುರಿ ಜಾಸ್ತಿ,
ಕುರಿಗಿಂತ ಗಾಳಿ ಜಾಸ್ತಿಯಂತೆ.
ಕೂಗಿದರೆ ಕೇಳದು, ಸಿಳ್ಳೆ ಹಾಕಬೇಕು.
ಕಿವಿ ನಿಮಿರಿದ್ದೋ ಬಾಗಿದ್ದೋ ಯಾರಿಗೂ ಬೇಕಿರಲಿಲ್ಲ,
ಕೆಲಸಕ್ಕೆ ಒದಗಿದ್ದರ ಮರಿ ಉಳಿಸಿಕೊಂಡರು.
ಒದಗದ್ದನ್ನು ಏನು ಮಾಡಿದರು ಅಂದೆ.
ಡಾಕ್ಟ್ರು ಟಿಫನ್ ಡಬ್ಬಿ ಮುಚ್ಚಿದರು.

ಇದರ ಹಿರೀಕನೊಬ್ಬ ಬಾಯಿಯೇ ಬಿಡದೆ
ಬರೀ ಕಣ್ಣಲ್ಲಿ ಹಿಂಡು ತಿರುಗಿಸುತ್ತಿದ್ದನಂತೆ.
ಅಂಥ ಕಣ್ಣು ಶರಾವತಿನಗರದಲ್ಲಿ
ಮೂವತ್ತು-ನಲವತ್ತರ ಸೈಟಿನಲ್ಲಿ
ಯಾರನ್ನು ತಿರುಗಿಸಬೇಕು?

ಮೀಟರ್ ನೋಡಲು ಬಂದವನನ್ನು
ಸಂಪಿನ ಮೂಲೆಗೆ ಒತ್ತಿ ಅರ್ಧ ಗಂಟೆ ನಿಲ್ಲಿಸಿತು.
ನೀಲಾಂಬಿಕೆಯ ಗಣಿತದ ಟ್ಯೂಷನ್ನಿಗೆ ಹನ್ನೊಂದು ಮಕ್ಕಳು,
ಅಷ್ಟೂ ಒಂದೇ ಚಾಪೆಯ ಮೇಲಿರಬೇಕು.
ಒಬ್ಬ ನೀರು ಕುಡಿಯಲು ಎದ್ದರೆ ಲೆಕ್ಕ ತಪ್ಪಿತು,
ಅವನು ವಾಪಸ್ ಬರುವ ತನಕ ಇದಕ್ಕೆ ಉಸಿರಿಲ್ಲ.
ದಸರಾ ರಜೆಯಲ್ಲಿ ಮಕ್ಕಳು ಬಾರದೆ
ಸೋಫಾದ ಹೊಟ್ಟೆ ಬಗೆಯಿತು,
ನಾರೆಲ್ಲ ಹೊರಗೆಳೆದು, ಹರಡಿದ್ದನ್ನು ಮತ್ತೆ ಗುಡ್ಡೆ ಮಾಡಿ
ಪಕ್ಕದಲ್ಲಿ ಕಾವಲು ಕೂತಿತು.
ಬೈಯಲು ಬಂದವಳು ನಕ್ಕು, ಆಮೇಲೆ ಅತ್ತಳು. ಯಾಕೋ ಹೇಳಲಿಲ್ಲ.
ಏಪ್ರಿಲಿನಲ್ಲಿ ಒದ್ದೆ ಗೋಣಿಚೀಲವೇ ಇದರ ಸೀಮೆ.
ಗುಡುಗಿದರೆ ಮಾತ್ರ
ಇಷ್ಟೆಲ್ಲ ದರ್ಬಾರು ಮಂಚದ ಕೆಳಗೆ.

ಜನವರಿಯಲ್ಲಿ ಹೊಳೆಹೊನ್ನೂರು ರಸ್ತೆಯ ಕೊಯ್ದ ಗದ್ದೆಗೆ
ಚಳ್ಳಕೆರೆ ಕಡೆಯ ಕುರಿಗಳು ಬಂದು ಬಿದ್ದವು.
ಔಷಧಿ ಕುಡಿಸಲು ಹೊರಟೆ, ಟಿವಿಎಸ್ಸಿನ ಮುಂದೆ ಕೋಳಿ.
ಹುಟ್ಟಿದಾಗಿನಿಂದ ಕುರಿಯನ್ನು ಕಾಣದ ನಾಯಿ.
ಗಾಡಿ ನಿಲ್ಲುವ ಮೊದಲೇ ಜಿಗಿಯಿತು.
ಕೂಳೆಯ ನಡುವೆ ಹೊಟ್ಟೆ ನೆಲಕ್ಕಂಟಿಸಿ
ಒಂದು ಕಾಲು ಗಾಳಿಯಲ್ಲೇ ಮರೆತು
ನೋಡಿತು.
ಮುನ್ನೂರು ತಲೆ ಒಟ್ಟಿಗೆ ಎತ್ತಿದವು.
ಎಡಕ್ಕೆ ಬಳಸಿತು, ಹಿಂಡು ಬಲಕ್ಕೆ ಬಾಗಿತು,
ಸೆರಗು ಸರಿಸಿದ ಹಾಗೆ. ಸದ್ದೇ ಇಲ್ಲ.

ಯಾರು ಕಲ್ಸಿದ್ದು ಇದಕ್ಕೆ? ಸಣ್ಣೀರಪ್ಪ ಕೇಳಿದ.
ಯಾರೂ ಇಲ್ಲ ಅಂದೆ.
ಕಂಬಳಿ ಕೊಡವಿ, ಎರಡು ಮರಿ ಕೊಡ್ತೀನಿ, ಬಿಟ್ಟು ಹೋಗಿ ಅಂದ.
ಅವನ ಸ್ವಂತ ನಾಯಿ, ಕಿವಿ ಹರಿದ ಕೆಂದ,
ಕತ್ತೆಯ ನೆರಳಲ್ಲಿ ಮಲಗಿ ಒಂದು ಕಣ್ಣು ತೆರೆದು ಮುಚ್ಚಿತು.
ನಮ್ದು ಕುರಿ ಅಟ್ಟಲ್ಲ ಸಾರ್, ಕುರಿ ಜತೆ ಮಲಗ್ತದೆ.
ತೋಳ ಬಂದ್ರೆ ಏಳ್ತದೆ. ಬರ್ದಿದ್ರೆ ಇಲ್ಲ.

ಇಲ್ಲ ಅಂದೆ ಸಣ್ಣೀರಪ್ಪನಿಗೆ.
ಆದರೆ ತಡಮಾಡಿ ಅಂದೆ, ಅದು ನನಗೆ ಗೊತ್ತು.
ಮರಿಯ ಆಸೆಯೋ,
ಇದು ಇರಬೇಕಾದ್ದು ಇಲ್ಲೇ ಅನ್ನಿಸಿತೋ,
ಹೊಳೆ ದಾಟುವವರೆಗೂ ತೀರ್ಮಾನವಾಗಲಿಲ್ಲ.
ಸೇತುವೆಯ ಆಚೆ ಪೆಟ್ರೋಲ್ ಮುಗಿಯಿತು.
ಗಾಡಿ ತಳ್ಳಿಕೊಂಡು ನಡೆದೆ.
ಮುಂದೆ ಓಡಬಹುದಿತ್ತು, ಓಡಲಿಲ್ಲ.
ಹಿಂದೆಯೇ ಬಂತು, ಅತ್ತಿತ್ತ ಸರಿಯಗೊಡದೆ,
ಹಿಮ್ಮಡಿಗೆ ಆಗಾಗ ಮೂಗು ತಾಗಿಸುತ್ತ,
ಒಂದು ತಲೆಯ ಹಿಂಡನ್ನು
ಮನೆ ಮುಟ್ಟಿಸಲು.