ಹಿಟ್ಟು ಉಬ್ಬದ ರಾತ್ರಿ

ಯಂತ್ರ ಸೋತಿದೆಯೆಂದು ಮೊದಲು ತಿಳಿದದ್ದು
ಪಕ್ಕದ ಮನೆಯ ಫೈನಾ ಗವ್ರೀಲೊವ್ನಾಗೆ.
ಬಟ್ಟೆ ಮುಚ್ಚಿದ ಪಾತ್ರೆ ಕಂಕುಳಲ್ಲಿ ಹಿಡಿದು
ಬಾಗಿಲಲ್ಲಿ ನಿಂತಳು: "ಸಯಾನಾ, ನಿನ್ನ ಪೆಟ್ಟಿಗೆಗೆ ಏನಾಗಿದೆ?
ಮೂರು ಗಂಟೆಯಾಯಿತು, ಹಿಟ್ಟು ಕದಲಿಲ್ಲ."

ಬ್ರಾತ್ಸ್ಕ್, ಜನವರಿ. ಹೊರಗೆ ಸೊನ್ನೆಗಿಂತ ಮೂವತ್ತೆಂಟು ಕೆಳಗೆ.
ಅಂಗಾರಾ ನದಿ ಅಗ್ಗಕ್ಕೆ ಕೊಡುವ ಕರೆಂಟನ್ನು
ನಾಣ್ಯ ಮಾಡುತ್ತೇನೆಂದು ತಮ್ಮ ಝೋರಿಗ್ತೊ
ಹಳೆಯ ಜೇನುಪೆಟ್ಟಿಗೆಯ ಹಲಗೆಗೆ ಮೊಳೆ ಹೊಡೆದು ಕಟ್ಟಿದ ಯಂತ್ರ.
ನಾಣ್ಯವೆಂದರೆ ಕೈಗೆ ಸಿಗದ್ದು, ಹಲ್ಲಲ್ಲಿ ಕಚ್ಚಿ ನೋಡಲಾಗದ್ದು;
ಸಿಗುವುದು ಅದರ ಬೆನ್ನಿನ ಬಿಸಿಗಾಳಿ.
ಅದರಲ್ಲಿ ನಮ್ಮ ಮಹಡಿಯ ಕಾಲುಚೀಲಗಳೆಲ್ಲ ಒಣಗುತ್ತವೆ,
ಫೈನಾಳ ಹಿಟ್ಟು ಉಬ್ಬುತ್ತದೆ.
ಕಟ್ಟಿದವನು ಉತ್ತರದ ಗಣಿಯಲ್ಲಿ, ಮೂರು ತಿಂಗಳ ಪಾಳಿ,
ಅಲ್ಲಿ ನಿಜವಾದ ನೆಲ ಅಗೆಯುತ್ತಾನೆ.

ಪರದೆ ನೋಡಿದೆ. ಸೆಕೆಂಡಿಗೆ ಏಳು ಸಾವಿರ ಲೆಕ್ಕ ಮಾಡುತ್ತಿದ್ದದ್ದು
ನಾಲ್ಕು ಸಾವಿರದ ಚಿಲ್ಲರೆಗೆ ಇಳಿದಿತ್ತು.
ಫ್ಯಾನಿನ ಸದ್ದೂ ಸಣ್ಣಗೆ, ಜ್ವರ ಇಳಿದ ಮಗುವಿನ ಉಸಿರು.
ಮಗುವಾಗಿದ್ದರೆ ಸಂತೋಷಪಡಬೇಕಿತ್ತು.

ಫೋನಿನಲ್ಲಿ ಝೋರಿಗ್ತೊ. ನಾನು ಕೇಳಿದ್ದು ಅವನಿಗೆ ಮುಟ್ಟಿ
ಅವನ ಮಾತು ಮರಳಲು ಎರಡು ಸೆಕೆಂಡು.
ನಡುವೆ ಇಬ್ಬರೂ ಹಲೋ ಅನ್ನುತ್ತೇವೆ, ಇಬ್ಬರೂ ಸುಮ್ಮನಾಗುತ್ತೇವೆ.
"ಮೆಮೊರಿ," ಅಂದ.
"ಯಾರದ್ದು?"
ಎರಡು ಸೆಕೆಂಡು. ಆಮೇಲೆ ನಗು.
"ಅಕ್ಕಾ, ಅದು ಅಡುಗೆಮನೆ ಕಟ್ಟೆ ಅಂದುಕೋ,
ಕೈಗೆಟಕುವಂತೆ ಸಾಮಾನು ಹರಡುವ ಜಾಗ.
ಕರೆಂಟು ಹೋದರೆ ಒರೆಸಿದ ಹಾಗೆ ಖಾಲಿ, ಏನೂ ನೆನಪಿಡುವುದಿಲ್ಲ.
ಸಾಮಾನು ಬರುವುದು ತಡವಾದರೆ
ಬಾಣಸಿಗ ಎಷ್ಟು ಚುರುಕಾದರೇನು?"

ಚೀಟಿಯ ಮೇಲೆ ಮೂರು ಸಾವಿರದ ಇನ್ನೂರು.
ಓಡುತ್ತಿರುವುದು ಎರಡು ಸಾವಿರದ ನೂರ ಮೂವತ್ತಮೂರಕ್ಕೆ.
"ಯಾರೂ ಹೇಳದಿದ್ದರೆ ಬೋರ್ಡು ಹಾಗೇ,
ಎಲ್ಲರನ್ನೂ ನಿಧಾನದವರೆಂದೇ ನಂಬುತ್ತದೆ.
ಯಾವ ಗೂಡಿಗೆ ಹಾಕಿದ್ದೀಯ?"

ಕಳೆದ ಶನಿವಾರ ಧೂಳು ಹೊಡೆದವಳು ನಾನೇ.
ಎರಡು ಪಟ್ಟಿಗಳನ್ನೂ ಕಿತ್ತು, ಒರೆಸಿ, ಅಕ್ಕಪಕ್ಕ ಇಟ್ಟಿದ್ದೆ,
ಚಳಿಗೆ ಇಬ್ಬರು ಒತ್ತಿ ಕೂತ ಹಾಗೆ. ಚೆಂದ ಕಂಡಿತ್ತು.
ಅಕ್ಕಪಕ್ಕ ಕೂಡದಂತೆ. ನಡುವೆ ಒಂದು ಗೂಡು ಖಾಲಿ ಬಿಡಬೇಕಂತೆ:
ಎರಡನೆಯದು, ನಾಲ್ಕನೆಯದು. ಆಗ ದಾರಿ ಎರಡಾಗುತ್ತದೆ,
ಇಲ್ಲದಿದ್ದರೆ ಎಲ್ಲ ಗಾಡಿಗಳೂ ಒಂದೇ ಓಣಿಯಲ್ಲಿ.

ಬದಲಿಸಿದೆ. ಚಿನ್ನದ ಬಣ್ಣದ ಸಣ್ಣ ಹಲ್ಲುಗಳನ್ನು
ಸ್ಕೂಲು ಹುಡುಗರ ರಬ್ಬರಿನಲ್ಲಿ ಉಜ್ಜಿದೆ.
ಮೂರು ಸಾವಿರದ ಇನ್ನೂರು ಎಂದು ಒತ್ತಿದೆ.
ಕಪ್ಪು.
ಒಂದು ಉದ್ದ ಬೀಪು, ಎರಡು ಗಿಡ್ಡ, ಮತ್ತೆ ಕಪ್ಪು.
ಕೋಟಿನ ಗುಂಡಿಯಷ್ಟಿದ್ದ ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿ
ಐದು ನಿಮಿಷ ಅಂಗೈಯಲ್ಲಿ ಹಿಡಿದು ಕೂತೆ,
ಬೋರ್ಡು ತನ್ನ ಹಠ ಮರೆಯಲೆಂದು.
ಫೈನಾ ಹಿಟ್ಟನ್ನು ಮಡಿಲಲ್ಲಿಟ್ಟು ಶಾಲು ಹೊದಿಸಿದ್ದಳು.

"ಎರಡಕ್ಕೂ ಒಂದೇ ಚೀಟಿ," ಅಂದೆ, "ಒಂದೇ ಬಣ್ಣ."
"ಒಳಗಿನ ಚಿಪ್ಪು ಬೇರೆ ಇರಬಹುದು. ಒಂದು ಅಂಗಡಿಯದು.
ಇನ್ನೊಂದು ಬಸ್ ನಿಲ್ದಾಣದ ಹತ್ತಿರ ಒಬ್ಬ ಹುಡುಗನ ಕೈಯಿಂದ,
ಅರ್ಧ ಬೆಲೆಗೆ. ನಿನಗೆ ಹೇಳಿರಲಿಲ್ಲ."
ಎರಡು ಸೆಕೆಂಡಿಗಿಂತ ಉದ್ದದ ಮೌನ. ಅದು ನನ್ನದು.
ಅಂದರೆ ಎತ್ತು ಏರಿಗೆ, ಕೋಣ ನೀರಿಗೆ,
ನೊಗ ಒಂದೇ.

ಇಳಿಸುತ್ತ ಬಂದೆವು.
ಮೂರು ಸಾವಿರದ ಅರವತ್ತಾರು: ಕೆಂಪು ಅಕ್ಷರ, ತಪ್ಪು ಲೆಕ್ಕ.
ಮೂರು ಸಾವಿರ: ಇಪ್ಪತ್ತು ನಿಮಿಷ ಓಡಿ ಉಸಿರು ಕಟ್ಟಿತು.
ಎರಡು ಸಾವಿರದ ಒಂಬೈನೂರ ಮೂವತ್ತಮೂರು.
ಅಲ್ಲಿ ಒಪ್ಪಿದವು.
ಪರದೆಯಲ್ಲಿ ಆರು ಸಾವಿರದ ಏಳುನೂರು. ಪೂರ್ತಿ ಏಳಿಲ್ಲ.
"ಸಾಕು ಬಿಡು," ಅಂದ.
ಪಾಳಿಯ ಸೈರನ್ನು ನನಗೆ ಕೇಳುವಷ್ಟರಲ್ಲಿ
ಅವನು ಆಗಲೇ ಹೆಲ್ಮೆಟ್ಟು ಹಾಕಿರಬೇಕು.

ಈ ರಾತ್ರಿಯ ಗಳಿಕೆ, ಕರೆಂಟು ಕಳೆದು, ಎರಡು ಮೊಟ್ಟೆಯಷ್ಟು.

ನಾಲ್ಕು ಗಂಟೆಗೆ ಫ್ಯಾನು ಜೋರಾಯಿತು.
ಪಾತ್ರೆಯನ್ನು ಯಂತ್ರದ ಬೆನ್ನಿಗೆ ಒರಗಿಸಿ ಫೈನಾ
ಸ್ಟೂಲಿನ ಮೇಲೆ ಬಾಯಿ ತೆರೆದು ನಿದ್ದೆಹೋದಳು.
ಬಟ್ಟೆ ನಡುವಿನಲ್ಲಿ ಸ್ವಲ್ಪ, ಸ್ವಲ್ಪವೇ ಮೇಲೆದ್ದಿತ್ತು.
ನಾನು ಎತ್ತಿ ನೋಡಲಿಲ್ಲ.