ಉಮದಿ ವಸ್ತಿ, ನಾಲ್ಕನೇ ನಡೆ

ರಾತ್ರಿ ಒಂಬತ್ತೂವರೆಗೆ ಜತ್ತದ ಗಾಡಿ ಉಮದಿ ಮುಟ್ಟಿ
ಎಂಜಿನ್ನು ಆರುತ್ತದೆ. ಡ್ರೈವರ್ ಬಾಬಾಲಾಲ
ಟಾಪಿನ ಮೇಲೆ ಹಾಸಿಕೊಂಡು ಆಗಲೇ ಗೊರಕೆ.
ನಾನು ಚೀಲದ ಚಿಲ್ಲರೆ ಎಣಿಸಿಟ್ಟು
ಹಿಂದಿನ ಉದ್ದ ಸೀಟಿನ ಮೇಲೆ
ಅಯಸ್ಕಾಂತದ ಪಟ ಬಿಚ್ಚುತ್ತೇನೆ.

ಪಕ್ಕದಲ್ಲಿ ಮಡಚಿ ಮಡಚಿ ಸವೆದ ಗುಲಾಬಿ ಕಾರ್ಬನ್ ಪ್ರತಿ:
ಸಾಂಗ್ಲಿ, ಮೂರನೇ ಸುತ್ತು, ಹದಿನಾಲ್ಕನೇ ಮೇಜು.
ಬಿಳಿ: ಶರ್ವರಿ ಮಗದುಮ, ವಯಸ್ಸು ಹನ್ನೊಂದು.
ಕಪ್ಪು: ನಾನು, ಕಂಡಕ್ಟರ್, ಬಿಲ್ಲೆ ನಂಬರು ೭೭೧೨.

ಅವಳ ರಾಜನ ಮುಂದಿನ ಕಾಲಾಳು ಎರಡು ಮನೆ.
ನನ್ನದು ಸಿ-ಆರು, ಒಂದೇ ಮನೆ. ಕಾರೋ-ಕಾನ್.
ಚಿಲ್ಲರೆ ಸರಿಯಾಗಿ ಕೊಡುವವರ ಆಟ ಅದು.
ಅವಳು ಐದಕ್ಕೆ ನುಗ್ಗಿದಳು; ನಾನು
ಒಂಟೆಯನ್ನು ಹೊರಗೆ ಬಿಟ್ಟೆ, ಎಫ್-ಐದು.
ಇಲ್ಲಿಯ ತನಕ ಪುಸ್ತಕದಲ್ಲಿದ್ದ ಹಾಗೆ.

ನಾಲ್ಕನೆಯದು ಅಂಚಿನ ಕಾಲಾಳು, ಎಚ್-ನಾಲ್ಕು.
ನೆಲ ಮುಟ್ಟದ ಕಾಲು ಆಡಿಸುತ್ತ
ಶೇಂಗಾ ಚಿಕ್ಕಿ ಮುರಿದಳು. ಹುಡುಗಾಟ ಅಂದುಕೊಂಡೆ.
ಇ-ಆರು ಆಡಿ, ಅಂದವಾಗಿ ಬರೆದೆ.

ಜಿ-ನಾಲ್ಕು. ಒಂಟೆ ಮುಂದೆ ಓಡಿತು. ಎಫ್-ಮೂರು.
ಹಿಂದೆ ಓಡಿತು. ಎಚ್-ಐದು.
ಸಂತೆಯಲ್ಲಿ ದಾರಿ ತಪ್ಪಿದ ಪ್ರಾಣಿಗೆ
ಮೂರು ಪೋರರು ಕಲ್ಲು ಬೀರಿದ ಹಾಗೆ.
ಹೋಗುವಾಗ ಒಂದು ಕಾಲಾಳು ಕಚ್ಚಿಕೊಂಡು ಹೋಯಿತು, ಪಾಪ.

ಆಟ ಕಲಿತದ್ದು ಮರಾಠಿಯಲ್ಲಿ. ಅಲ್ಲಿ ಆನೆಗೆ ಹತ್ತಿ.
ಅವ್ವ ನಕ್ಕಿದ್ದಳು: ‘ಹತ್ತಿ ಕಟಗೊಂಡು
ಯಾವ ರಾಜನ್ನ ಕಾಯ್ತೀಯೋ?’
ಮೂವತ್ತೊಂದನೇ ನಡೆಗೆ ನನ್ನೆರಡೂ ಆನೆ
ಊದಿದರೆ ಹಾರುವಂತಿದ್ದವು.

ಕೈ ಕೊಟ್ಟು ಎದ್ದಾಗ ಹುಡುಗಿ ಅಂದಳು:
‘ಕಾಕಾ, ತಿಥಂ ಎಚ್-ಸಹಾ ಹವಾ ಹೋತಾ.’
ಎಚ್-ಆರು. ಒಂದೇ ಮನೆ. ಒಂಟೆಗೊಂದು ಹಿಂಬಾಗಿಲು.
ದಿನಕ್ಕೆ ಮುನ್ನೂರು ಸಲ ಬಾಗಿಲು ತೆಗೆದು ಹಾಕುವವ ನಾನು.

ಎಂಟು ವಸ್ತಿ ಆಯಿತು, ಆ ನಾಲ್ಕನೆಯದರಲ್ಲೇ ಕೂತಿದ್ದೇನೆ,
ಇ-ಆರು ತಪ್ಪಲ್ಲವೆಂದು ಹಟ ಹಿಡಿದು.
ಟಾರ್ಚಿನ ಸೆಲ್ಲು ಎರಡು ಸಲ ಬದಲಾಯಿತು.

ಈ ರಾತ್ರಿ ಬೇಸತ್ತು ಮುಂದೆ ಆಡಿಸಿಕೊಂಡು ಹೋದೆ.
ಇಪ್ಪತ್ತೆರಡು. ಅವಳ ರಾಣಿ ಡಿ-ಎರಡರಲ್ಲಿ.
ನನ್ನ ಕುದುರೆ ಎಫ್-ಮೂರಕ್ಕೆ ಜಿಗಿದರೆ ಶಹ,
ರಾಜ ಸರಿದರೆ ರಾಣಿ ನನ್ನದು.
ಅವಳು ನೋಡಿರಲಿಲ್ಲ. ನಾನೂ.
ಚೀಟಿಯಲ್ಲಿ ಆ ಸಾಲಿಗೆ ಎ-ಐದು ಅಂತಿದೆ,
ಅಕ್ಷರ ಜ್ವರ ಬಂದವನದು.
ಎಂಟನೇ ನಡೆಯಿಂದಲೇ ಹಾಗೆ ವಾಲಿದೆ.

‘ಯಾರ್ ಗೆದ್ರಲೇ?’ ಟಾಪಿನಿಂದ ಬಾಬಾಲಾಲ.
‘ಇನ್ನೂ ನಡದೈತಿ, ಮಲಗು.’

ಐದು ನಲವತ್ತಕ್ಕೆ ಹಾಲಿನ ಕ್ಯಾನು ತಗಡಿಗೆ ಬಡಿಯಿತು.
ಕೈಯಲ್ಲಿದ್ದ ಕುದುರೆಯನ್ನು ಕಿಟಕಿಯ ಸರಳಿಗೆ ಅಂಟಿಸಿ
ಬಾಗಿಲು ತೆಗೆಯಲು ಹೋದೆ.